ಡಿಸ್ಪ್ಲೇ ಪೀಸ್, ಡಿಸ್ಕೌಂಟ್ ಮಾಲು: ದೋಷ ಕಂಡರೆ ವಾಪಸ್ ಕೇಳೋ ಹಕ್ಕು ಇದೆಯಾ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಗೊತ್ತಿರೋರು ದಯವಿಟ್ಟು ದಾರಿ ತೋರಿಸಿ.

ಶೋರೂಮಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ ಟಿವಿ ತಗೊಂಡ್ವಿ. ಸ್ಟ್ಯಾಂಡಿನ ಎಡಗಾಲಿನ ಮೇಲೆ ಗೀರು ಇದೆ, ಡಬ್ಬ ಇಲ್ಲ, ಅದಕ್ಕೇ ಬೆಲೆ ಇಳಿಸಿದ್ದೀವಿ ಅಂತ ಮೊದಲೇ ಹೇಳಿದ್ರು. ಗೀರನ್ನ ನಾವೂ ನೋಡಿದ್ವಿ, ಒಪ್ಪಿಕೊಂಡ್ವಿ. ಅದಕ್ಕೆ ತಕರಾರಿಲ್ಲ. ಮನೇಲಿ ಹಾಕಿದ ಮೇಲೆ ಬೇರೇನೋ ಶುರುವಾಯ್ತು. ಆನ್ ಮಾಡಿದ ಕೂಡಲೇ ಚಿತ್ರ ಚೆನ್ನಾಗೇ ಇರುತ್ತೆ. ಅರ್ಧ ಗಂಟೆ ಓಡಿ ಹಿಂಭಾಗ ಬಿಸಿಯಾಯ್ತು ಅಂದ್ರೆ, ಬಲಗಡೆ ಅಂಚಿಂದ ನಾಲ್ಕು ಬೆರಳು ಒಳಗೆ ತೆಳ್ಳನೆ ಹಸಿರು ಗೆರೆಯೊಂದು ಮೇಲಿಂದ ಕೆಳಗಿನವರೆಗೂ ಏಳುತ್ತೆ. ಆರಿಸಿ ತಣ್ಣಗಾಗಲು ಬಿಟ್ರೆ ಮಾಯ. ಅಂಗಡೀಲಿ ಬರೀ ಎರಡು ನಿಮಿಷ ಹಾಕಿ ತೋರಿಸಿದ್ರು, ಇದು ಕಾಣೋ ಹಾಗೇ ಇರಲಿಲ್ಲ.

ಫೋನ್ ಮಾಡಿದ್ರೆ, "ಡಿಸ್ಪ್ಲೇ ಪೀಸ್‌ಗೆ ರಿಟರ್ನ್ ಇಲ್ಲ, ಬಿಲ್ ಮೇಲೆ ಸೀಲ್ ಇದೆಯಲ್ಲ ನೋಡ್ಕೊಳಿ" ಅಂದ್ರು. ಸೀಲ್ ಇರೋದು ನಿಜ: ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಅಲ್ಲಿಗೆ ಮುಗೀತಾ?

ಕರಾರುಪತ್ರ

ಮುಗಿಯಲಿಲ್ಲ. ವಕೀಲಿಕೆ ಮಾಡ್ತೀನಿ, ಗ್ರಾಹಕರ ದೂರುಗಳನ್ನೇ ಹೆಚ್ಚು ನೋಡೋದು, ಹಾಗಾಗಿ ಸ್ವಲ್ಪ ವಿವರವಾಗೇ ಬರೀತೀನಿ.

ಮೊದಲು ಎರಡು ವಿಷಯ ಬಿಡಿಸಿಕೊಳ್ಳಿ. ತಗೊಂಡ ಮೇಲೆ ಬಣ್ಣ ಹಿಡಿಸಲಿಲ್ಲ, ಗೋಡೆಗೆ ದೊಡ್ಡದಾಯ್ತು ಅಂತ ವಾಪಸ್ ಕೊಡೋದು ಒಂದು. ಅಂಗಡಿಗೆ ಹೋಗಿ ನೋಡಿ ತಗೊಂಡಿದ್ರೆ ಅದು ಸಾಮಾನ್ಯವಾಗಿ ಅಂಗಡಿಯವರ ಮರ್ಜಿ. ಡಿಸ್ಕೌಂಟ್ ಮಾಲಿಗೆ ಈ ಸೌಲಭ್ಯ ಇಲ್ಲ ಅಂತ ಅವರು ಹೇಳಬಹುದು, ಹೇಳಿದ್ರೆ ತಪ್ಪೂ ಅಲ್ಲ. ದೋಷ ಇದೆ ಅಂತ ವಾಪಸ್ ಕೊಡೋದು ಇನ್ನೊಂದು. ಅದು ಕಾನೂನು ಕೊಟ್ಟ ಹಕ್ಕು. ಸೀಲ್ ಹೊಡೆದು ಅದನ್ನ ಅಳಿಸೋಕಾಗಲ್ಲ.

ನೀವು ತಗೊಂಡಿದ್ದು ಭಾರತದಲ್ಲಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೋಡಿ. ಸೆಕ್ಷನ್ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿ ಇದೆ. ದೋಷವಿರೋ ಮಾಲನ್ನು ವಾಪಸ್ ಪಡೆದು ಹಣ ಹಿಂತಿರುಗಿಸೋಕೆ ಒಪ್ಪದಿರೋದೂ ಅದರಲ್ಲಿ ಸೇರಿದೆ. ಬಿಲ್ಲಿನಲ್ಲಿ ವಾಪಸ್ ಕೊಡೋ ಅವಧಿ ಬರೆದಿದ್ರೆ ಆ ಅವಧಿ, ಬರೆದೇ ಇಲ್ಲ ಅಂದ್ರೆ 30 ದಿನ. ನಿಮ್ಮ ಬಿಲ್ಲಿನ ಸೀಲಿನಲ್ಲಿ ಅವಧಿಯೇ ಇಲ್ಲ, ಬರೀ ನಿರಾಕರಣೆ ಇದೆ. ದಿನ ಕಳೀತಾ ಇರುತ್ತೆ, ಆದ್ದರಿಂದ ಇವತ್ತೇ ಲಿಖಿತವಾಗಿ ತಿಳಿಸಿ.

ಅವರು ಮುಂದಿಡೋ ವಾದ ಏನಿರುತ್ತೆ ಅಂದ್ರೆ, "ನೀವೇ ನೋಡಿ ತಗೊಂಡ್ರಲ್ಲ". ಆ ಮಾತಿಗೂ ಕಾನೂನಿನಲ್ಲಿ ಆಧಾರ ಇದೆ. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 16ರ ಪ್ರಕಾರ, ಕೊಳ್ಳುವವನು ಮಾಲನ್ನು ಪರೀಕ್ಷಿಸಿ ತಗೊಂಡಿದ್ರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ತಕರಾರು ತೆಗೆಯೋ ಹಾಗಿಲ್ಲ. ಗಮನಿಸಿ, ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾತ್ರ. ಸ್ಟ್ಯಾಂಡಿನ ಗೀರು ಆ ಲೆಕ್ಕಕ್ಕೆ ಬರುತ್ತೆ. ಅರ್ಧ ಗಂಟೆ ಬಿಸಿಯಾದ ಮೇಲೆ ಏಳೋ ಗೆರೆ ಬರಲ್ಲ. ಬೆಲೆ ಇಳಿಸಿದ್ದು ಗೀರಿಗೆ, ಗೆರೆಗಲ್ಲ. ಇಡೀ ವಿಷಯ ಇಷ್ಟರಲ್ಲೇ ನಿಂತಿದೆ.

ಕೌಂಟರ್‌ನವ

ವಕೀಲರು ಹೇಳಿದ್ದು ಸರಿ. ನಾನು ಅಂಗಡಿ ಕಡೆಯಿಂದ ಹೇಳ್ತೀನಿ. ಎಲೆಕ್ಟ್ರಾನಿಕ್ಸ್ ಕೌಂಟರಿನಲ್ಲೇ ಕೂದಲು ಬೆಳ್ಳಗಾದವನು ನಾನು.

ಹೊಸ ಮಾಡೆಲ್ ಬಂತು ಅಂದ್ರೆ ಹಳೇದನ್ನ ರ್‍ಯಾಕಿನಿಂದ ಇಳಿಸಲೇಬೇಕು. ಹಾಗೆ ಇಳಿದದ್ದನ್ನ ಮಾರೋವಾಗ ನಮ್ಮ ಯಜಮಾನರು ಒಂದು ಪದ್ಧತಿ ಇಟ್ಟಿದ್ರು. ಗಿರಾಕಿ ಎದುರಿಗೇ ಮಾಲನ್ನ ಸುತ್ತ ತಿರುಗಿಸಿ ನೋಡೋದು, ಕಂಡದ್ದನ್ನೆಲ್ಲ ಬಿಲ್ಲಿನ ಮೇಲೆ ಕೈಯಲ್ಲಿ ಬರೆಯೋದು. "ಬಾಗಿಲ ಕೆಳಗೆ ಬಲಗಡೆ ತಗ್ಗು. ತರಕಾರಿ ಟ್ರೇ ಇಲ್ಲ." ಅದರ ಕೆಳಗೆ ಗಿರಾಕಿ ಸಹಿ. ಬರೆದದ್ದಕ್ಕೆ ಅವರು ಮತ್ತೆ ಬರೋ ಹಾಗಿಲ್ಲ, ಬರೆಯದಿದ್ದದ್ದಕ್ಕೆ ಬಂದ್ರೆ ನಾವು ಮುಖ ತಿರುಗಿಸೋ ಹಾಗಿಲ್ಲ. ಜಗಳ ಅನ್ನೋದೇ ಇರಲಿಲ್ಲ.

ಈಗ ಅದರ ಬದಲು ಒಂದು ರಬ್ಬರ್ ಸೀಲ್ ಬಂದಿದೆ. ಯಾವ ದೋಷ ಅಂತ ಹೇಳದೇ ಎಲ್ಲಾ ದೋಷಕ್ಕೂ ಸೇರಿಸಿ ಒಂದೇ ಏಟು. ಇದು ನನಗೆ ನಿಜವಾಗಲೂ ನೋವು ಕೊಡೋ ವಿಷಯ. ತಮ್ಮ, ನಿಮ್ಮ ಬಿಲ್ಲಿನಲ್ಲಿ ಗೀರಿನ ಬಗ್ಗೆ ಏನಾದ್ರೂ ಬರೆದಿದ್ದಾರಾ ನೋಡಿ. ಬರೆದಿದ್ರೆ ಅದು ನಿಮಗೇ ಒಳ್ಳೇದು.

ಕಿಟಕಿಪಕ್ಕ

ನೋಡಿದೆ ಸರ್. "ಡಿಸ್ಪ್ಲೇ ಯೂನಿಟ್, ಸ್ಟ್ಯಾಂಡ್ ಸ್ಕ್ರ್ಯಾಚ್, ನೋ ಬಾಕ್ಸ್" ಅಂತ ಪ್ರಿಂಟ್ ಆಗಿದೆ. ಪರದೆ ಬಗ್ಗೆ ಒಂದಕ್ಷರ ಇಲ್ಲ.

ಕರಾರುಪತ್ರ

ಇದಕ್ಕಿಂತ ಒಳ್ಳೆಯ ದಾಖಲೆ ಬೇಡ. ಗೊತ್ತಿದ್ದ ದೋಷ ಇವು ಅಂತ ಅವರೇ ಪಟ್ಟಿ ಕೊಟ್ಟ ಹಾಗಾಯ್ತು.

ಮಳಿಗೆಬಾಗಿಲು

ನನ್ನದು ಚಿಕ್ಕ ಅಂಗಡಿ. ಬೇಜಾರು ಮಾಡ್ಕೋಬೇಡಿ, ಇನ್ನೊಂದು ಪಕ್ಕಾನೂ ಕೇಳಿ. ಡಿಸ್ಪ್ಲೇ ಮಾಲನ್ನ ಎಷ್ಟೋ ಸಲ ಅಸಲಿಗಿಂತ ಕಡಿಮೆಗೆ ಬಿಡ್ತೀವಿ. ಅದರಲ್ಲಿ ಲಾಭ ಇರಲ್ಲ, ಜಾಗ ಖಾಲಿಯಾದ್ರೆ ಸಾಕು ಅಂತ ಕೊಡೋದು. ಅದೂ ವಾಪಸ್ ಬಂದ್ರೆ ಎರಡನೇ ಸಲ ನಷ್ಟ. ಸಮಾರಂಭಕ್ಕೆ ಅಂತ ತಗೊಂಡು, ಮುಗಿದ ಮೇಲೆ "ಸರಿಯಿಲ್ಲ" ಅಂತ ತಂದಿಡೋರೂ ಇದ್ದಾರೆ. ಹೊಸದರ ಬೆಲೆ ಕೊಡದೆ ಹೊಸದರ ಹಕ್ಕು ಕೇಳೋದು ಎಷ್ಟು ಸರಿ?

ಕೌಂಟರ್‌ನವ

ಅಣ್ಣ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಬಳಸಿ ವಾಪಸ್ ತರೋರ ಜೊತೆ ನಾನೂ ಹೆಣಗಿದ್ದೀನಿ. ಅಂಥವರಿಗೆ ಇಲ್ಲ ಅನ್ನೋ ಹಕ್ಕು ನಿಮಗೆ ಇದ್ದೇ ಇದೆ, ಯಾಕಂದ್ರೆ ಅಲ್ಲಿ ದೋಷವೇ ಇಲ್ಲ. ಆದ್ರೆ ಇಲ್ಲಿ ಯಾರೂ ಹೊಸದರ ಹಕ್ಕು ಕೇಳ್ತಿಲ್ಲ. ಗೀರಿರೋ ಟಿವಿಗೆ ದುಡ್ಡು ಕೊಟ್ಟಿದ್ದಾರೆ, ಗೀರಿರೋ ಟಿವಿಯನ್ನೇ ಕೇಳ್ತಿದ್ದಾರೆ. ಅದು ಟಿವಿಯಾಗಿ ಕೆಲಸ ಮಾಡಬೇಕು, ಅಷ್ಟೇ.

ಕರಾರುಪತ್ರ

ಮಳಿಗೆಬಾಗಿಲು ಅವರ ಪ್ರಶ್ನೆಗೆ ಒಂದು ಮಾತು. ಬೆಲೆ ಇಳಿದ್ರೆ ನಿರೀಕ್ಷೆಯೂ ಸ್ವಲ್ಪ ಇಳಿಯುತ್ತೆ, ಅದನ್ನ ಕಾನೂನೂ ಒಪ್ಪುತ್ತೆ. ಬ್ರಿಟನ್‌ನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ, ಗುಣಮಟ್ಟ ತೃಪ್ತಿಕರವೇ ಅಂತ ಅಳೆಯೋವಾಗ ಬೆಲೆಯನ್ನೂ ಲೆಕ್ಕಕ್ಕೆ ತಗೋಬೇಕು ಅನ್ನುತ್ತೆ. ಡಿಸ್ಪ್ಲೇ ಸೋಫಾದ ಬಟ್ಟೆ ಚೂರು ಮಾಸಿರಬಹುದು, ಸಹಿಸಬೇಕು. ಕಾಲು ಮುರಿಯೋದನ್ನ ಸಹಿಸಬೇಕಾಗಿಲ್ಲ. ಇನ್ನು ನಷ್ಟ ಪೂರ್ತಿ ನಿಮ್ಮ ತಲೆಗೇ ಕಟ್ಟಬೇಕು ಅಂತಲೂ ಇಲ್ಲ. ತಯಾರಿಕೆಯ ದೋಷವಾದ್ರೆ ವಿತರಕರನ್ನ, ಕಂಪನಿಯನ್ನ ನೀವು ಕೇಳಬಹುದು. ಗಿರಾಕಿಗೂ ಕಂಪನಿಗೂ ನೇರ ಪರಿಚಯ ಇಲ್ಲ, ನಿಮಗಿದೆ.

ಸರ್ವೀಸ್ ಬೆಂಚ್

ರಿಪೇರಿ ಕೆಲಸದವನು ನಾನು. ಕಿಟಕಿಪಕ್ಕ ಅವರೇ, ಬಿಸಿಯಾದಾಗ ಮಾತ್ರ ಏಳೋ ನೆಟ್ಟಗಿನ ಗೆರೆ ಸಾಮಾನ್ಯವಾಗಿ ಪ್ಯಾನೆಲ್ ಅಂಚಿಗೆ ಅಂಟಿಸಿರೋ ತೆಳು ಫಿಲಂ ಕೇಬಲ್ಲಿನ ತೊಂದರೆ. ಶಾಖಕ್ಕೆ ಅಂಟು ಸಡಿಲಿಸುತ್ತೆ, ಸಂಪರ್ಕ ತಪ್ಪುತ್ತೆ. ಇದು ದಿನ ಕಳೆದ ಹಾಗೆ ಹೆಚ್ಚಾಗೋ ಕಾಯಿಲೆ. ಯಾರಾದ್ರೂ ಬಂದು ಅಂಚನ್ನ ಒತ್ತಿ, ಟೇಪ್ ತುರುಕಿ "ಸರಿಹೋಯ್ತು" ಅಂದ್ರೆ ಒಪ್ಪಬೇಡಿ. ನೀವೂ ಹಿಂದಿನ ಕವಚ ಬಿಚ್ಚಬೇಡಿ, ಆಮೇಲೆ ಅದನ್ನೇ ನೆಪ ಮಾಡ್ತಾರೆ. ಟಿವಿ ಪಕ್ಕದಲ್ಲಿ ಗಡಿಯಾರ ಕಾಣೋ ಹಾಗೆ ಇಟ್ಟು, ಆನ್ ಮಾಡಿದ ಕ್ಷಣದಿಂದ ಗೆರೆ ಬರೋವರೆಗೂ ಒಂದೇ ವಿಡಿಯೋ ತೆಗೀರಿ. ತುಂಡು ತುಂಡು ಬೇಡ.

ಡಿಸ್ಪ್ಲೇ ಪೀಸ್ ತಗೊಳ್ಳೋಕೆ ಹೊರಟಿರೋ ಬೇರೆಯವರಿಗೂ ನಾಲ್ಕು ಮಾತು ಹೇಳ್ತೀನಿ.

ಅಂಗಡಿಯ ಟಿವಿ ಬೆಳಗಿಂದ ರಾತ್ರಿವರೆಗೂ ಅತಿ ಹೆಚ್ಚು ಬೆಳಕಿನಲ್ಲಿ ಒಂದೇ ಡೆಮೊ ವಿಡಿಯೋ ಓಡಿಸ್ತಾ ಇರುತ್ತೆ. ಒಎಲ್‌ಇಡಿ ಪರದೆಯಾದ್ರೆ ಆ ಡೆಮೊದ ಅಕ್ಷರ, ಲೋಗೋಗಳ ನೆರಳು ಶಾಶ್ವತವಾಗಿ ಉಳಿದಿರಬಹುದು. ಡೆಮೊ ನಿಲ್ಲಿಸಿ ಇಡೀ ಪರದೆ ಬೂದು ಬಣ್ಣ ತುಂಬಿಸಿ ನೋಡಿ, ಇದ್ರೆ ಎದ್ದು ಕಾಣುತ್ತೆ. ಎಷ್ಟು ಗಂಟೆ ಓಡಿದೆ ಅನ್ನೋ ಲೆಕ್ಕ ಸುಮಾರು ಟಿವಿಗಳ ಸರ್ವೀಸ್ ಮೆನುವಿನಲ್ಲಿ ಇರುತ್ತೆ, ತೋರಿಸಿ ಅಂತ ಕೇಳಿ. ಲ್ಯಾಪ್‌ಟಾಪ್, ಫೋನ್‌ಗಳು ಸದಾ ಚಾರ್ಜಿಗೇ ಹಾಕಿರೋದ್ರಿಂದ ಬ್ಯಾಟರಿ ಸೊರಗಿರುತ್ತೆ. ವಿಂಡೋಸ್ ಲ್ಯಾಪ್‌ಟಾಪ್ ಆದ್ರೆ ಬ್ಯಾಟರಿ ರಿಪೋರ್ಟ್ ತೆಗೆಸಿ, ತಯಾರಾದಾಗಿನ ಸಾಮರ್ಥ್ಯ ಎಷ್ಟಿತ್ತು, ಈಗ ಪೂರ್ತಿ ಚಾರ್ಜಿನಲ್ಲಿ ಎಷ್ಟು ಹಿಡಿಯುತ್ತೆ, ಎರಡೂ ಅದರಲ್ಲಿ ಇರುತ್ತೆ.

ಮುಂಬಾಗಿಲ ವಾಷಿಂಗ್ ಮೆಷಿನ್ ಬಗ್ಗೆ ಯಾರೂ ಯೋಚಿಸದ ವಿಷಯ ಒಂದಿದೆ. ಕಾರ್ಖಾನೆಯಿಂದ ಬರೋವಾಗ ಒಳಗಿನ ಡ್ರಮ್ ಅಲುಗಾಡದ ಹಾಗೆ ಹಿಂದಿನಿಂದ ಸಾಗಾಟದ ಬೋಲ್ಟ್ ಹಾಕಿರ್ತಾರೆ. ಡಿಸ್ಪ್ಲೇಗೆ ಇಟ್ಟದ್ದರಲ್ಲಿ ಅವು ಕಳೆದುಹೋಗಿರೋದೇ ಹೆಚ್ಚು. ಬೋಲ್ಟ್ ಇಲ್ಲದೆ ಲಾರಿಯಲ್ಲಿ ಹೇರಿದ್ರೆ ಡ್ರಮ್ಮಿನ ಸ್ಪ್ರಿಂಗು, ಡ್ಯಾಂಪರು ಪೆಟ್ಟು ತಿನ್ನುತ್ತೆ. ಮನೆಗೆ ತಲುಪಿದ ಮೇಲೆ ಬಟ್ಟೆ ಹಿಂಡೋವಾಗ ಮೆಷಿನ್ ಕುಣಿಯುತ್ತೆ, ನೀವು ನೆಲ ಸಮ ಇಲ್ಲ ಅಂದ್ಕೋತೀರಿ. ಬೋಲ್ಟ್ ಹಾಕಿ ಕಳಿಸಿ ಅಂತ ಮೊದಲೇ ಹೇಳಿ.

ಇನ್ನೊಂದು, ವಾರಂಟಿ. ಅಂಗಡಿಯಲ್ಲಿ ಇಟ್ಟಾಗಲೇ ಆನ್ ಮಾಡಿ ನೋಂದಣಿ ಮಾಡಿದ್ರೆ ಕಂಪನಿಯ ಲೆಕ್ಕದಲ್ಲಿ ವಾರಂಟಿ ಆಗಲೇ ಶುರುವಾಗಿರಬಹುದು. ಸೀರಿಯಲ್ ನಂಬರ್ ಹಾಕಿ ಕಂಪನಿ ವೆಬ್‌ಸೈಟಿನಲ್ಲಿ ನೋಡಿ. ವಾರಂಟಿ ಮಾರಾಟದ ದಿನದಿಂದ ಅಂತ ಬಿಲ್ಲಿನಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ.

ನೀಲಿಶಾಯಿ

ವಾರಂಟಿ ಕಂಪನಿಗೆ ಸಂಬಂಧಪಟ್ಟಿದ್ದು, ಅವರನ್ನೇ ಕೇಳಿ ಅಂತ ಅಂಗಡಿಯವರು ಕೈ ತೊಳ್ಕೊಂಡ್ರೆ?

ಕರಾರುಪತ್ರ

ದುಡ್ಡು ತಗೊಂಡಿದ್ದು ಅಂಗಡಿ, ಬಿಲ್ ಕೊಟ್ಟಿದ್ದು ಅಂಗಡಿ. ಕಂಪನಿ ವಾರಂಟಿ ಅನ್ನೋದು ಅದರ ಮೇಲೆ ಸಿಗೋ ಹೆಚ್ಚುವರಿ ಆಸರೆ. ಭಾರತದಲ್ಲಿ ದೂರು ಕೊಡೋವಾಗ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬಹುದು. ನಾನಂತೂ ಇಬ್ಬರನ್ನೂ ಸೇರಿಸೋದೇ ಒಳ್ಳೇದು ಅಂತೀನಿ. ಇಲ್ಲಾಂದ್ರೆ ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸ್ತಾ ಕೂರ್ತಾರೆ.

ದೂರದಂಚೆ

ನಾನಿರೋದು ಬ್ರಿಟನ್‌ನಲ್ಲಿ. ಇಲ್ಲಿನ ನಿಯಮ ಕೇಳಿದ್ರೆ ಕೆಲವರಿಗೆ ಉಪಯೋಗ ಆಗಬಹುದು. ಕೈಗೆ ಬಂದ 30 ದಿನದೊಳಗೆ ದೋಷ ಕಂಡ್ರೆ ಪೂರ್ತಿ ಹಣ ವಾಪಸ್ ಕೇಳಬಹುದು, ರಿಪೇರಿ ಮಾಡಿಸಿಕೋ ಅಂತ ಅವರು ಬಲವಂತ ಮಾಡೋ ಹಾಗಿಲ್ಲ. ಅದಾದ ಮೇಲೆ ರಿಪೇರಿ ಇಲ್ಲವೇ ಬದಲಿಗೆ ಒಂದು ಅವಕಾಶ ಕೊಡಬೇಕು. ಅದೂ ಸರಿಹೋಗಲಿಲ್ಲ ಅಂದ್ರೆ ಬೆಲೆ ಇಳಿಸಿ ಇಟ್ಟುಕೊಳ್ಳಬಹುದು, ಇಲ್ಲ ವಾಪಸ್ ಕೊಡಬಹುದು. ಆ ರಿಪೇರಿ, ಬದಲಿಯ ವಿಷಯದಲ್ಲಿ ಮೊದಲ 6 ತಿಂಗಳಲ್ಲಿ ಕಂಡ ದೋಷ ಮಾರೋವಾಗಲೇ ಇತ್ತು ಅಂತಲೇ ಹಿಡೀತಾರೆ, ಇರಲಿಲ್ಲ ಅಂತ ಸಾಬೀತು ಮಾಡೋ ಹೊಣೆ ಅಂಗಡಿಯದು. ಸೇಲ್‌ನಲ್ಲಿ ತಗೊಂಡ್ರೂ ಇದೇ ನಿಯಮ. ಈ ಹಕ್ಕು ಇಲ್ಲ ಅಂತ ಕರಾರಿನಲ್ಲಿ ಬರೆದ್ರೂ ನಡೆಯಲ್ಲ. ಮೊದಲೇ ನಿರ್ದಿಷ್ಟವಾಗಿ ತೋರಿಸಿದ ದೋಷಕ್ಕೆ ಆಮೇಲೆ ಹೋಗೋ ಹಾಗಿಲ್ಲ.

ಸಮುದ್ರದಾಚೆ

ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದೆ. "ಸೇಲ್ ಮಾಲಿಗೆ ರಿಫಂಡ್ ಇಲ್ಲ" ಅಂತ ಬೋರ್ಡ್ ಹಾಕೋದೇ ಇಲ್ಲಿ ಕಾನೂನುಬಾಹಿರ, ಯಾಕಂದ್ರೆ ಇಲ್ಲದ ನಿಯಮ ಹೇಳಿ ಜನರನ್ನ ದಾರಿ ತಪ್ಪಿಸಿದ ಹಾಗೆ. ಮಾರೋಕೆ ಇಟ್ಟ ಮಾಲಿನ ದೋಷವನ್ನ ಮಾಲಿನ ಜೊತೆಗೇ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಇಟ್ಟಿದ್ರೆ, ಅದನ್ನ ಗ್ರಾಹಕರಿಗೆ ಮೊದಲೇ ತಿಳಿಸಿದ ಹಾಗೆ ಅಂತ ಹಿಡೀತಾರೆ. ದೊಡ್ಡ ದೋಷವಾದ್ರೆ ಹಣ ಬೇಕೋ ಬದಲಿ ಬೇಕೋ ಅನ್ನೋ ಆಯ್ಕೆ ಗ್ರಾಹಕರದು.

ನೀಲಿಶಾಯಿ

ಎಲ್ಲಾ ಕಡೆ ಹೀಗೇನಾ? ಅಮೆರಿಕದಲ್ಲಿರೋ ನನ್ನ ತಂಗಿಗೆ ಬೇರೇನೇ ಅನುಭವ ಆಗಿದೆ.

ಕರಾರುಪತ್ರ

ಇಲ್ಲ, ಅಲ್ಲಿ ಬೇರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ "ಇದ್ದ ಹಾಗೆಯೇ ಮಾರಾಟ" ಅಂತ ಸ್ಪಷ್ಟವಾಗಿ ಹೇಳಿ ಮಾರಿದ್ರೆ, ಮಾಲು ಚೆನ್ನಾಗಿರುತ್ತೆ ಅಂತ ಕಾನೂನು ತಾನಾಗೇ ಕೊಡೋ ಭರವಸೆ ಬಿದ್ದುಹೋಗುತ್ತೆ. ಮ್ಯಾಸಚೂಸೆಟ್ಸ್, ಮೇರಿಲ್ಯಾಂಡ್‌ನಂಥ ಕೆಲವು ರಾಜ್ಯಗಳು ಗ್ರಾಹಕ ವಸ್ತುಗಳಿಗೆ ಅದನ್ನ ಒಪ್ಪಲ್ಲ. ತಂಗಿಗೆ ಅವರ ರಾಜ್ಯದ ನಿಯಮ ನೋಡೋಕೆ ಹೇಳಿ.

ಯುರೋಪಿಯನ್ ಒಕ್ಕೂಟ ಇದರ ಪೂರ್ತಿ ಎದುರು ದಿಕ್ಕಿನಲ್ಲಿದೆ. 2022ರ ಜನವರಿ 1ರಿಂದ ಅನ್ವಯವಾಗಿರೋ ನಿಯಮದ ಪ್ರಕಾರ, ಇಂಥ ಅಂಶದಲ್ಲಿ ಕೊರತೆ ಇದೆ ಅಂತ ನಿರ್ದಿಷ್ಟವಾಗಿ ತಿಳಿಸಿರಬೇಕು, ಗ್ರಾಹಕ ಅದನ್ನ ಸ್ಪಷ್ಟವಾಗಿ, ಪ್ರತ್ಯೇಕವಾಗಿ ಒಪ್ಪಿರಬೇಕು. ಸಾಮಾನ್ಯ ಷರತ್ತುಗಳ ರಾಶಿಯಲ್ಲಿ ಎಲ್ಲೋ ಒಂದು ಸಾಲು ಸೇರಿಸಿದ್ರೆ ಸಾಲದು. ಕೌಂಟರ್‌ನವರ ಯಜಮಾನರು ಕೈಯಲ್ಲಿ ಬರೆದು ಸಹಿ ಹಾಕಿಸ್ತಿದ್ರಲ್ಲ, ಅದನ್ನೇ ಅವರು ಕಾನೂನು ಮಾಡಿದ್ದಾರೆ. ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣೋದು ಇದು.

ಬಿಲ್ ಜೋಪಾನ

ಆನ್‌ಲೈನ್ ಬಗ್ಗೆ ಯಾರಾದ್ರೂ ಹೇಳ್ತೀರಾ? ಓಪನ್ ಬಾಕ್ಸ್ (ಡಬ್ಬ ತೆರೆದದ್ದು), ರಿಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರೋದು) ಅಂತೆಲ್ಲ ಬರುತ್ತಲ್ಲ.

ಕರಾರುಪತ್ರ

ಆನ್‌ಲೈನಿನಲ್ಲಿ ನೀವು ಮಾಲನ್ನ ಮುಟ್ಟಿ ನೋಡಿಲ್ಲ, "ನೋಡಿ ತಗೊಂಡ್ರಿ" ಅನ್ನೋ ವಾದವೇ ಅಲ್ಲಿ ನಿಲ್ಲಲ್ಲ. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಕಾರಣ ಹೇಳದೇನೇ 14 ದಿನದೊಳಗೆ ಖರೀದಿ ರದ್ದು ಮಾಡಬಹುದು. ಕೆಲವು ಬಗೆಯ ವಸ್ತುಗಳನ್ನ ಹೊರತುಪಡಿಸಿ, ಡಿಸ್ಕೌಂಟ್ ಮಾಲಿಗೂ ಅದು ಅನ್ವಯ. ಅಂಗಡಿಯಲ್ಲಿ ನೋಡೋವಷ್ಟು ನೋಡಬಹುದು, ಅದಕ್ಕಿಂತ ಹೆಚ್ಚು ಬಳಸಿದ್ರೆ ಮೌಲ್ಯ ಕಡಿಮೆಯಾದಷ್ಟು ಹಣ ಮುರಿದುಕೊಳ್ತಾರೆ.

ಭಾರತದಲ್ಲಿ ಮನಸ್ಸು ಬದಲಾದ್ರೆ ವಾಪಸ್ ಕೊಡೋ ಕಾನೂನಿನ ಹಕ್ಕು ಇಲ್ಲ, ಅದು ಆಯಾ ಮಾರಾಟಗಾರರ ನೀತಿ. ಆದ್ರೆ 2020ರ ಇ-ಕಾಮರ್ಸ್ ನಿಯಮಗಳಲ್ಲಿ ಸ್ಪಷ್ಟವಾಗೇ ಇದೆ: ಮಾಲು ದೋಷಪೂರಿತವಾಗಿದ್ರೆ, ನಕಲಿಯಾಗಿದ್ರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ರೆ ವಾಪಸ್ ಪಡೆಯೋಕೆ, ಹಣ ಕೊಡೋಕೆ ಮಾರಾಟಗಾರ ನಿರಾಕರಿಸೋ ಹಾಗಿಲ್ಲ. ದೂರು ಕೊಟ್ರೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪುಟದಲ್ಲಿ "ಹೊಸದರಂತೆ ಕೆಲಸ ಮಾಡುತ್ತದೆ" ಅಂತ ಬರೆದಿದ್ರೆ ಅದನ್ನ ಕೊಳ್ಳೋ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಪುಟವೇ ಇರಲ್ಲ.

ಬಿಲ್ ಜೋಪಾನ

ಧನ್ಯವಾದ ಸರ್. ಇನ್ನೊಂದೇ ಪ್ರಶ್ನೆ. ಸೇಲ್ ಮುಗಿದು ಬೆಲೆ ಮತ್ತೆ ಏರಿದ್ರೆ, ವಾಪಸ್ ಕೊಟ್ಟಾಗ ಎಷ್ಟು ಸಿಗುತ್ತೆ?

ಕೌಂಟರ್‌ನವ

ಬಿಲ್ಲಿನಲ್ಲಿ ಎಷ್ಟು ಕೊಟ್ಟಿದ್ದೀರೋ ಅಷ್ಟು. ಹೊಸ ಬೆಲೆಯೂ ಅಲ್ಲ, ಎಂಆರ್‌ಪಿಯೂ ಅಲ್ಲ. ಬೆಲೆ ಇನ್ನೂ ಇಳಿದಿದ್ರೂ ನೀವು ಕೊಟ್ಟಿದ್ದೇ ವಾಪಸ್ ಬರಬೇಕು, ಇಳಿದ ಬೆಲೆ ಕೊಡೋ ಹಾಗಿಲ್ಲ. ಹಾಗಾಗಿ ಬೆಲೆ ಏರಿದ್ರೆ ಹಣಕ್ಕಿಂತ ಬದಲಿ ಮಾಲು ಕೇಳೋದು ಜಾಣತನ. ಡಿಸ್ಪ್ಲೇ ಪೀಸಿನಲ್ಲಿ ತೊಂದರೆ ಅಂದ್ರೆ, ಅಂಥದ್ದೇ ಇನ್ನೊಂದು ಅವರ ಹತ್ರ ಇರಲ್ಲ.

ಒಂದು ತಗೊಂಡ್ರೆ ಒಂದು ಉಚಿತ ಅಂತ ಕೊಟ್ಟದ್ದಾದ್ರೆ ಬಿಲ್ಲಿನಲ್ಲಿ ಪ್ರತಿಯೊಂದಕ್ಕೂ ಎಷ್ಟು ಹಾಕಿದ್ದಾರೆ ಅಂತ ನೋಡ್ಕೊಳಿ. ಜಗಳ ಬರೋದೇ ಅಲ್ಲಿ.

ಕಿಟಕಿಪಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ತೆಗೆದು, ಬಿಲ್ ಲಗತ್ತಿಸಿ ಅಂಗಡಿಗೂ ಕಂಪನಿಗೂ ಒಂದೇ ಮೇಲ್ ಹಾಕಿದೆ. ಮೆಕ್ಯಾನಿಕ್ ಬಂದು ನೋಡಿ ಪ್ಯಾನೆಲ್ ದೋಷ ಅಂತಲೇ ವರದಿ ಬರೆದುಕೊಟ್ಟರು. ಈಗ ಅಂಗಡಿಯವರು ಕ್ರೆಡಿಟ್ ನೋಟ್ ಕೊಡ್ತೀವಿ, 3 ತಿಂಗಳೊಳಗೆ ಏನಾದ್ರೂ ತಗೊಳ್ಳಿ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಕರಾರುಪತ್ರ

ನಿಮಗೆ ಅಲ್ಲಿಂದ ಬೇರೇನಾದ್ರೂ ನಿಜವಾಗಲೂ ಬೇಕಿದ್ರೆ ಒಪ್ಪಬಹುದು, ತಪ್ಪಿಲ್ಲ. ಬೇಡ ಅಂದ್ರೆ ಒಪ್ಪಬೇಕಾಗಿಲ್ಲ. ಕಾಯ್ದೆ ಹೇಳೋದು ಕೊಟ್ಟ ಹಣ ಹಿಂತಿರುಗಿಸೋದನ್ನ, ಕ್ರೆಡಿಟ್ ನೋಟ್ ಹಣ ಅಲ್ಲ. "ವರದಿಯಲ್ಲಿ ದೋಷ ದೃಢಪಟ್ಟಿದೆ, ಪಾವತಿಸಿದ ಮೊತ್ತವನ್ನು ಪಾವತಿಸಿದ ಮಾರ್ಗದಲ್ಲೇ ಹಿಂತಿರುಗಿಸಿ, ಇಲ್ಲವಾದರೆ ಗ್ರಾಹಕ ಆಯೋಗದ ಮೊರೆ ಹೋಗುತ್ತೇನೆ" ಅಂತ ಗಡುವು ಹಾಕಿ ಬರೀರಿ.

ಗಡುವು ದಾಟಿದ್ರೆ ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ದೂರು ಅಲ್ಲೇ ಮುಗಿಯುತ್ತೆ. ಆಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಎಲ್ಲೇ ಇರಲಿ, ನೀವು ವಾಸಿಸೋ ಇಲ್ಲವೇ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ರೆ ಶುಲ್ಕವೇ ಇಲ್ಲ. ವಕೀಲರನ್ನ ಇಟ್ಟುಕೊಳ್ಳಲೇಬೇಕು ಅಂತಿಲ್ಲ, ವಕೀಲನಾಗಿ ನಾನೇ ಹೇಳ್ತಿದ್ದೀನಿ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ದೋಷ ಇದೆಯೋ ಇಲ್ಲವೋ ಅಂತ ಎದುರುದಾರರು ವಾದ ಹೂಡಿದ್ರೆ, ಪರೀಕ್ಷೆ ಇಲ್ಲದೆ ತಿಳಿಯಲ್ಲ ಅನ್ನೋ ಸಂದರ್ಭದಲ್ಲಿ ಪ್ರಯೋಗಾಲಯಕ್ಕೆ ಕಳಿಸೋ ಅಧಿಕಾರವೂ ಆಯೋಗಕ್ಕಿದೆ. ನಿಮ್ಮ ಕೈಯಲ್ಲಿ ವರದಿ ಇರೋದ್ರಿಂದ ಅಲ್ಲಿವರೆಗೂ ಹೋಗಲಿಕ್ಕಿಲ್ಲ.

ಕೌಂಟರ್‌ನವ

ಬಿಲ್ಲನ್ನ ಫೋಟೋ ತೆಗೆದಿಡಿ ತಮ್ಮ. ಥರ್ಮಲ್ ಕಾಗದದ ಅಕ್ಷರ ಬಿಸಿಲಿಗೆ, ಶಾಖಕ್ಕೆ ಹಾರಿಹೋಗುತ್ತೆ. ಬಿಲ್ ಹೋದ್ರೂ ಕಾರ್ಡಿನ ಸ್ಟೇಟ್‌ಮೆಂಟ್, ಯುಪಿಐ ದಾಖಲೆ ತೋರಿಸಬಹುದು, ಆದ್ರೆ "ಸ್ಟ್ಯಾಂಡ್ ಸ್ಕ್ರ್ಯಾಚ್" ಅನ್ನೋ ಸಾಲು ಇರೋದು ಬಿಲ್ಲಿನಲ್ಲಿ ಮಾತ್ರ.

ಹೊಸಚಿಗುರು

ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆ, ಅಕ್ಕ ಅಣ್ಣಂದಿರು ಹೇಳಿ. ಡಿಸ್ಪ್ಲೇ ಸೋಫಾ ತಗೊಂಡ್ವಿ. ಮೆತ್ತೆ ಎತ್ತಿದ್ರೆ ಕೆಳಗಿನ ಬಟ್ಟೆ ಗಾಢ ಬಣ್ಣ, ಮೇಲೆ ಕಾಣೋ ಭಾಗವೆಲ್ಲ ಬೆಳಕಿಗೆ ಮಾಸಿದೆ. ಅದಲ್ಲದೆ ಒಂದು ಕಡೆ ಕೂತ್ರೆ ಲಟಕ್ ಅನ್ನುತ್ತೆ. ಕೆಳಗಿನ ಕಪ್ಪು ಬಟ್ಟೆಯ ಹೊಲಿಗೆ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ರೆ ಮರದ ಅಡ್ಡಪಟ್ಟಿ ಸೀಳಿದೆ. ಸೀಳಿನ ಒಳಗೆ ಅಂಟು ಒಣಗಿ ಹಳದಿಯಾಗಿದೆ, ಅಂದ್ರೆ ಯಾರೋ ಮೊದಲೇ ಅಂಟಿಸಿದ್ದಾರೆ. ಎರಡಕ್ಕೂ ಕೇಳಬಹುದಾ?

ಕರಾರುಪತ್ರ

ಬಣ್ಣಕ್ಕೆ ಕೇಳಿದ್ರೆ ನಿಲ್ಲೋದು ಕಷ್ಟ. ಸೋಫಾ ತಗೊಳ್ಳೋರು ಮೆತ್ತೆ ಎತ್ತಿ ನೋಡೋದು ಸಹಜ, ನೋಡಿದ್ರೆ ಕಾಣ್ತಿತ್ತು. ಹೊಲಿಗೆ ಬಿಚ್ಚಿ ಒಳಗೆ ಟಾರ್ಚ್ ಬಿಡೋದನ್ನ ಅಂಗಡಿಯಲ್ಲಿ ಯಾರೂ ಮಾಡಲ್ಲ, ಮಾಡೋಕೆ ಅವರೂ ಬಿಡಲ್ಲ. ಸೀಳಿದ ಅಡ್ಡಪಟ್ಟಿಗೆ ಖಂಡಿತ ಕೇಳಿ. ಹಳೇ ಅಂಟು ಇದೆ ಅಂದ್ರಲ್ಲ, ಮಾರೋ ಮೊದಲೇ ಸೀಳಿತ್ತು ಅನ್ನೋಕೆ ಅದೇ ಸಾಕ್ಷಿ. ಹತ್ತಿರದಿಂದ ಫೋಟೋ ತೆಗೀರಿ, ಮರ ಸರಿಮಾಡೋಕೆ ಯಾರನ್ನೂ ಕರೀಬೇಡಿ, ಬಿಚ್ಚಿದ ಹೊಲಿಗೆಯನ್ನೂ ಹಾಗೇ ಬಿಡಿ.

ಮಳಿಗೆಬಾಗಿಲು

ಅಂಟು ಹಾಕಿ ಮುಚ್ಚಿ ಮಾರಿದ್ರೆ ಅದು ಮೋಸ, ಅದರಲ್ಲಿ ನಾನೂ ನಿಮ್ಮ ಕಡೆಯೇ. ಕೌಂಟರ್‌ನವರೇ, ನಿಮ್ಮ ಯಜಮಾನರ ಪದ್ಧತಿಯನ್ನ ನಮ್ಮ ಅಂಗಡಿಯಲ್ಲೂ ಶುರುಮಾಡ್ತೀನಿ. ಗಿರಾಕಿ ಸಹಿ ಬಿಲ್ಲಿನ ಯಾವ ಪ್ರತಿಯ ಮೇಲೆ ತಗೋತಿದ್ರಿ?

ಕೌಂಟರ್‌ನವ

ಎರಡರ ಮೇಲೂ ಅಣ್ಣ. ಒಂದು ಅವರಿಗೆ, ಒಂದು ನಮ್ಮ ಫೈಲಿಗೆ.